ಎಡ ಸೀಟಿನ ಬಿಸಿಲು

ಮೇ ತಿಂಗಳ 5ನೇ ತಾರೀಖಿನ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 28 ನಿಮಿಷದ ಹೊತ್ತಿಗೆ, ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳು ಬೀಳುವುದಿಲ್ಲ. ಸಮಭಾಜಕ ವೃತ್ತದಿಂದ ಊರು 16 ಡಿಗ್ರಿಗಿಂತ ತುಸು ಹೆಚ್ಚು ಉತ್ತರಕ್ಕಿದೆ. ಉತ್ತರಕ್ಕೆ ಸರಿಯುತ್ತ ಬಂದ ಸೂರ್ಯ ಆ ದಿನ ಅದೇ ಅಕ್ಷಾಂಶಕ್ಕೆ ತಲುಪಿ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕೊಣ್ಣೂರು ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿಯ ನಿಜವಾದ ಮಧ್ಯಾಹ್ನ ಅರ್ಧ ಗಂಟೆ ತಡ. ಸೂರ್ಯ ದಕ್ಷಿಣಕ್ಕೆ ಮರಳುವಾಗ, ಆಗಸ್ಟ್ 7–8ರ ಸುಮಾರಿಗೆ, ನೆರಳಿಲ್ಲದ ಗಳಿಗೆ ಇನ್ನೊಮ್ಮೆ ಬರುತ್ತದೆ.

ಬಿಸಿಲು ಅತ್ಯಂತ ಖಾರವಾಗಿರುವ ಆ ಗಳಿಗೆಯಲ್ಲಿ, ಓಡುತ್ತಿರುವ ಕಾರಿನೊಳಗೆ ಕುಳಿತವರ ಮೈಮೇಲೆ ನೇರ ಬಿಸಿಲು ಬೀಳುವುದೇ ಕಡಿಮೆ. ತಲೆಯ ಮೇಲೆ ತಗಡಿನ ಚಾವಣಿ ಇದೆ. ಬಾಗಿಲ ಗಾಜುಗಳು ಲಂಬವಾಗಿವೆ, ಮೇಲಿಂದ ಬೀಳುವ ಕಿರಣ ಅವುಗಳನ್ನು ಸವರಿಕೊಂಡು ಕೆಳಗೆ ಹೋಗುತ್ತದೆ. ಬಿಸಿಲೆಲ್ಲ ಬೀಳುವುದು ಓರೆಯಾಗಿರುವ ಮುಂದಿನ ಗಾಜಿನ ಮೂಲಕ ಡ್ಯಾಶ್‌ಬೋರ್ಡಿನ ಮೇಲೆ. ಪ್ರಯಾಣಿಕರ ತೋಳು, ಕೆನ್ನೆ, ಕುತ್ತಿಗೆಗೆ ಬಿಸಿಲು ಹತ್ತುವುದು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಮತ್ತೆ ಮಧ್ಯಾಹ್ನ ಮೂರರ ನಂತರ. ಅಂದರೆ ‘ಇನ್ನೂ ಬಿಸಿಲು ಏರಿಲ್ಲ’, ‘ಬಿಸಿಲು ಇಳಿಯಿತು’ ಎಂದು ನಾವು ನೆಮ್ಮದಿಯಿಂದ ಹೊರಡುವ ಹೊತ್ತಿನಲ್ಲೇ.

ನಕಾಶೆ ಬಿಚ್ಚಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೊಣ್ಣೂರು, ಗೋಕಾಕ, ಮೂಡಲಗಿ ಮೂರೂ ಬೆಳಗಾವಿಯ ಈಶಾನ್ಯಕ್ಕಿವೆ. ಅಂಕಲಗಿಯ ಮೇಲೆ ಹೋಗುವ ರಸ್ತೆ ಎಷ್ಟು ತಿರುವಿದರೂ ಒಟ್ಟಾರೆ ಸಾಗುವುದು ನೈಋತ್ಯಕ್ಕೆ. ಬೆಳಿಗ್ಗೆ ಊರಿಂದ ಬೆಳಗಾವಿಗೆ ಹೊರಟವರಿಗೆ ಪೂರ್ವದ ಸೂರ್ಯ ಎಡಗಡೆ, ತುಸು ಹಿಂದೆ. ಕೆಲಸ ಮುಗಿಸಿ ಸಂಜೆ ಈಶಾನ್ಯಕ್ಕೆ ಮುಖ ಮಾಡಿ ಮರಳುವಾಗ ಪಶ್ಚಿಮದ ಸೂರ್ಯನೂ ಎಡಗಡೆಗೇ ಬರುತ್ತಾನೆ. ಹೋಗುವಾಗ ಬಿಸಿಲು ಬಿದ್ದ ಕಡೆಯೇ ಬರುವಾಗಲೂ ಬಿಸಿಲು. ನಮ್ಮಲ್ಲಿ ಸ್ಟೇರಿಂಗ್ ಬಲಗಡೆ ಇರುವುದರಿಂದ ಚಾಲಕರು ಎರಡೂ ಸಲ ತಪ್ಪಿಸಿಕೊಳ್ಳುತ್ತಾರೆ. ಮುಂದೆ ಎಡಕ್ಕೆ ಕುಳಿತ ಅವ್ವ, ಹಿಂದೆ ಎಡ ಕಿಟಕಿಗೆ ಕುಳಿತ ಮಗು ಎರಡೂ ಸಲ ಸಿಕ್ಕಿಕೊಳ್ಳುತ್ತಾರೆ. ಬೆಳಗಾವಿಯಲ್ಲಿ ಮನೆ ಮಾಡಿಕೊಂಡು ಗೋಕಾಕ, ಮೂಡಲಗಿಯ ಶಾಲೆ, ಬ್ಯಾಂಕು, ಕಚೇರಿಗಳಿಗೆ ದಿನಾ ಓಡಾಡುವವರದು ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಈಶಾನ್ಯಕ್ಕೆ ಬರುವಾಗ ಸೂರ್ಯ ಬಲಗಡೆ ಮುಂದೆ, ಸಂಜೆ ನೈಋತ್ಯಕ್ಕೆ ಮರಳುವಾಗಲೂ ಬಲಗಡೆ ಮುಂದೆ. ಅಲ್ಲಿ ಇಡೀ ವರ್ಷದ ಬಿಸಿಲೆಲ್ಲ ಚಾಲಕರ ಬಲತೋಳಿಗೂ ಬಲಗೆನ್ನೆಗೂ ಮೀಸಲು.

ಮಗುವನ್ನು ಎಡಕ್ಕೆ ಕೂರಿಸಬೇಕೋ ಬಲಕ್ಕೋ ಎಂಬ ಪ್ರಶ್ನೆಗೆ ಹೊರಡುವ ಮುನ್ನ ಅರ್ಧ ನಿಮಿಷ ದಿಕ್ಕು ನೋಡಿದರೆ ಉತ್ತರ ಸಿಗುತ್ತದೆ. ಅದಕ್ಕೆ ಕಾಸು ಖರ್ಚಿಲ್ಲ.

ಚಳಿಗಾಲದ ಲೆಕ್ಕ ಬೇರೆ. ಡಿಸೆಂಬರ್ ಕೊನೆಯಲ್ಲಿ ಕೊಣ್ಣೂರಿನ ಮಧ್ಯಾಹ್ನದ ಸೂರ್ಯ ದಕ್ಷಿಣ ದಿಗಂತದಿಂದ 50 ಡಿಗ್ರಿಯಷ್ಟೇ ಏರುತ್ತಾನೆ. ಆಗ ಘಟಪ್ರಭಾದಿಂದ ಹುಕ್ಕೇರಿ, ಸಂಕೇಶ್ವರದ ಕಡೆ ಪಶ್ಚಿಮಕ್ಕೆ ಹೋಗುವವರಿಗೆ ನಡುಮಧ್ಯಾಹ್ನವೂ ಎಡ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ, ಮರಳುವಾಗ ಬಲ ಕಿಟಕಿಯಿಂದ. ಚಳಿಯಲ್ಲಿ ಆ ಬಿಸಿಲು ಹಿತವೆನಿಸುತ್ತದೆ, ಆದ್ದರಿಂದ ಯಾರೂ ಸರಿದು ಕೂರುವುದಿಲ್ಲ.

ಇಷ್ಟು ಹೇಳಿದಾಗ ನಮ್ಮ ಕಡೆಯ ಚಾಲಕರೊಬ್ಬರು ಕೇಳಿದ ಪ್ರಶ್ನೆ ಹೀಗಿತ್ತು: ‘ಗಾಜ ಏರಿಸೇವ್ರಿ, ಎಸಿ ಹಾಕೇವ್ರಿ. ಮತ್ತ ಬಿಸಲ ಎಲ್ಲಿಂದ ಹತ್ತತೈತ್ರಿ?’ ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಬಿಸಿಲನ್ನು ಬಿಡಿಸಿ ನೋಡಬೇಕು.

ನಾವು ಬಿಸಿಲು ಎಂದು ಒಂದೇ ಹೆಸರಿಟ್ಟು ಕರೆಯುವುದರಲ್ಲಿ ಮೂರು ಬಗೆಯ ಕಿರಣಗಳಿವೆ. ಕಣ್ಣಿಗೆ ಕಾಣುವ ಬೆಳಕು ಒಂದು. ಕಾಣದ, ಆದರೆ ಮೈಗೆ ಶಾಖವಾಗಿ ತಿಳಿಯುವ ಅವಕೆಂಪು ಕಿರಣಗಳು ಇನ್ನೊಂದು. ನೆಲ ಮುಟ್ಟುವ ಸೌರಶಕ್ತಿಯಲ್ಲಿ ಸುಮಾರು ಅರ್ಧ ಇವುಗಳದೇ. ಮೂರನೆಯದು ನೇರಳಾತೀತ, ಅಂದರೆ ಯುವಿ. ಶಕ್ತಿಯ ಲೆಕ್ಕದಲ್ಲಿ ಇದರ ಪಾಲು ನೂರಕ್ಕೆ ಐದನ್ನು ಮೀರುವುದಿಲ್ಲ. ಕಣ್ಣಿಗೂ ಕಾಣದು, ಬಿಸಿಯಾಗಿಯೂ ತಿಳಿಯದು. ಆದರೆ ಚರ್ಮದ ಜೀವಕೋಶಗಳ ರಸಾಯನವನ್ನೇ ಕದಲಿಸುವ ತಾಕತ್ತು ಇದಕ್ಕಿದೆ. ಇದರಲ್ಲೂ ಎರಡು ಜಾತಿ. 280ರಿಂದ 320 ನ್ಯಾನೋಮೀಟರ್ ತರಂಗದೂರದ್ದು ಯುವಿ-ಬಿ. ಚರ್ಮದ ಮೇಲುಪದರವನ್ನು ಸುಡುವುದು, ವಿಟಮಿನ್ ಡಿ ಹುಟ್ಟಿಸುವುದು ಇದೇ. 320ರಿಂದ 400ರವರೆಗಿನದು ಯುವಿ-ಎ. ಇದು ಸುಡುವುದು ಕಡಿಮೆ, ಇಳಿಯುವುದು ಹೆಚ್ಚು ಆಳಕ್ಕೆ. ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಳೆಗಳನ್ನು ವರ್ಷಗಟ್ಟಲೆ ಸವೆಸುತ್ತದೆ, ಬಣ್ಣ ಕಪ್ಪಾಗಿಸುತ್ತದೆ. ನೆಲಕ್ಕೆ ಬರುವ ನೇರಳಾತೀತದಲ್ಲಿ ಸುಮಾರು 95 ಪಾಲು ಯುವಿ-ಎ. ಯುವಿ-ಬಿ ನಡುಮಧ್ಯಾಹ್ನ ಏರಿ ಬೆಳಿಗ್ಗೆ ಸಂಜೆ ಥಟ್ಟನೆ ಇಳಿದರೆ, ಯುವಿ-ಎ ದಿನವಿಡೀ, ವರ್ಷವಿಡೀ ಅಷ್ಟೊಂದು ಏರಿಳಿಯದೆ ಇರುತ್ತದೆ.

ಎಸಿ ಗಾಳಿಯನ್ನು ತಂಪು ಮಾಡುತ್ತದೆ. ಗಾಜಿನ ಮೂಲಕ ಬರುವ ಕಿರಣಕ್ಕೆ ಅದು ಏನೂ ಮಾಡಲಾರದು. ಬಯಲಲ್ಲಿ ಕೆಲಸ ಮಾಡುವವರಿಗೆ ಶಾಖವೇ ಎಚ್ಚರಿಕೆ ಕೊಡುತ್ತದೆ. ಮೈ ಕಾದರೆ ಅವರು ನೆರಳಿಗೆ ಸರಿಯುತ್ತಾರೆ, ಟಾವೆಲ್ ಹೊದೆಯುತ್ತಾರೆ. ಎಸಿ ಕಾರಿನಲ್ಲಿ ಆ ಎಚ್ಚರಿಕೆ ಇಲ್ಲ. ತಂಪಾಗಿ ಕುಳಿತ ತೋಳಿನ ಮೇಲೆ ಯುವಿ-ಎ ಒಂದೂವರೆ ಗಂಟೆ ಬಿದ್ದರೂ ತೋಳಿಗೆ ಸುದ್ದಿಯಿಲ್ಲ. ನಾನು ಇಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದು: ಕಾರಿನಲ್ಲಿ ಬಿಸಿಲಿನ ಕಾಟ ಒಂದಲ್ಲ, ಶಾಖ ಮತ್ತು ಯುವಿ-ಎ ಎಂಬ ಎರಡು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಗಾಜಿನ ಕಥೆಯೂ ಹಾಗೆಯೇ. ಕಾರಿನ ಎಲ್ಲ ಗಾಜುಗಳೂ ಒಂದೇ ಎಂದು ಕಾಣುತ್ತದೆ, ಆದರೆ ಮುಂದಿನದು ಬೇರೆ, ಬಾಗಿಲದು ಬೇರೆ. ಮುಂದಿನ ಗಾಜು ವಾಸ್ತವದಲ್ಲಿ ಎರಡು ಗಾಜುಗಳ ಜೋಡಿ. ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ. ಕಲ್ಲು ಬಡಿದಾಗ ಈ ಗಾಜು ಜೇಡರ ಬಲೆಯಂತೆ ಬಿರಿದರೂ ಉದುರಿ ಬೀಳದೆ ನಿಲ್ಲುವುದು ಆ ಹಾಳೆಯಿಂದ. ಅಪಘಾತದ ರಕ್ಷಣೆಗೆ ಹಾಕಿದ ಆ ಹಾಳೆಯೇ ನೇರಳಾತೀತವನ್ನೂ ಹೀರಿಬಿಡುತ್ತದೆ. ಬಾಗಿಲ ಗಾಜು ಒಂಟಿ. ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ಒಡೆದರೆ ಜೋಳದ ಕಾಳಿನಂಥ ಚೂರುಗಳಾಗಿ ಉದುರುತ್ತದೆ. ಗಾಜು ಯಾವುದಾದರೂ ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ, ಹಾಗಾಗಿ ಏರಿಸಿದ ಗಾಜಿನ ಹಿಂದೆ ಕುಳಿತು ವಿಟಮಿನ್ ಡಿ ಸಿಗುತ್ತದೆಂದು ನಂಬಿ ಪ್ರಯೋಜನವಿಲ್ಲ. ಯುವಿ-ಎ ಮಾತ್ರ ಬಾಗಿಲ ಗಾಜನ್ನು ಧಾರಾಳವಾಗಿ ದಾಟಬಲ್ಲದು.

ಎಷ್ಟು ದಾಟುತ್ತದೆ ಎಂಬುದನ್ನು ಅಮೆರಿಕದ ನೇತ್ರತಜ್ಞ ಬ್ರಯಾನ್ ಬಾಕ್ಸರ್ ವಾಕ್ಲರ್ ಅಳೆದು 2016ರಲ್ಲಿ ಪ್ರಕಟಿಸಿದರು. 15 ಕಂಪನಿಗಳ 29 ಕಾರುಗಳು. ಮುಂದಿನ ಗಾಜು ಸರಾಸರಿ 96 ಪ್ರತಿಶತ ಯುವಿ-ಎಯನ್ನು ತಡೆದಿತ್ತು, ಕಾರಿನಿಂದ ಕಾರಿಗೆ ಹೆಚ್ಚು ವ್ಯತ್ಯಾಸವೂ ಇರಲಿಲ್ಲ. ಬಾಗಿಲ ಗಾಜಿನ ಸರಾಸರಿ 71. ಆದರೆ ಇಲ್ಲಿ ಸರಾಸರಿಗಿಂತ ಅಂತರವನ್ನು ನೋಡಬೇಕು: ಒಂದು ಕಾರಿನಲ್ಲಿ 96, ಇನ್ನೊಂದರಲ್ಲಿ 44. 90ಕ್ಕಿಂತ ಹೆಚ್ಚು ತಡೆದ ಬಾಗಿಲ ಗಾಜು ಇದ್ದದ್ದು 29ರಲ್ಲಿ ನಾಲ್ಕೇ ಕಾರುಗಳಲ್ಲಿ. ಅವು ಅಮೆರಿಕದ ಕಾರುಗಳು, ನಮ್ಮವಕ್ಕೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಆದರೆ ಗಾಜು ನೋಡಿ ಅದರ ಗುಣ ಹೇಳಲಾಗದು ಎಂಬ ಪಾಠ ಇಲ್ಲಿಗೂ ಸಲ್ಲುತ್ತದೆ. ಹೊಸ ಕಾರು ಕೊಳ್ಳುವವರು ಮೈಲೇಜಿನ ಜೊತೆಗೆ ಬಾಗಿಲ ಗಾಜು ಎಷ್ಟು ಯುವಿ ತಡೆಯುತ್ತದೆ ಎಂದು ಷೋರೂಮಿನಲ್ಲಿ ಕೇಳಬೇಕು. ಕೇಳುವವರು ಹೆಚ್ಚಿದರೆ ಹೇಳುವವರೂ ಹೆಚ್ಚುತ್ತಾರೆ.

ಯುವಿ-ಎ ವರ್ಷಗಟ್ಟಲೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಪ್ರಸಿದ್ಧವಾದ ಒಂದು ಛಾಯಾಚಿತ್ರವಿದೆ. 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಅಚ್ಚು ಮಾಡಿದ್ದು. 69 ವರ್ಷದ ಸರಕು ಲಾರಿಯ ಚಾಲಕನೊಬ್ಬನ ಮುಖ. 28 ವರ್ಷ ಅದೇ ಕೆಲಸ. ಅಮೆರಿಕದಲ್ಲಿ ಸ್ಟೇರಿಂಗ್ ಎಡಗಡೆ, ಹಾಗಾಗಿ ಕಿಟಕಿಯೂ ಎಡಕ್ಕೆ. ಅವನ ಮುಖದ ಎಡಭಾಗದ ಚರ್ಮ ದಪ್ಪಗಾಗಿ, ಉತ್ತ ಹೊಲದ ಸಾಲಿನಂತೆ ನೆರಿಗೆಗಟ್ಟಿದೆ. ಬಲಭಾಗ ನೋಡಿದರೆ ಹತ್ತಿಪ್ಪತ್ತು ವರ್ಷ ಚಿಕ್ಕವನಂತೆ ಕಾಣುತ್ತಾನೆ. ಒಂದೇ ವಯಸ್ಸು, ಒಂದೇ ಊಟ, ಒಂದೇ ರಕ್ತ. ಬೇರೆಯಿದ್ದದ್ದು ಕಿಟಕಿ ಮಾತ್ರ.

ಇದನ್ನು ಓದಿ ನಮ್ಮ ಓದುಗರು ಗಾಬರಿಯಾಗಬೇಕಿಲ್ಲ. ನಮ್ಮ ಚರ್ಮದ ಮೆಲನಿನ್ ದೊಡ್ಡ ರಕ್ಷಣೆ. ಬಿಳಿಯರಲ್ಲಿ ಸೂರ್ಯನಿಂದ ಬರುವ ಚರ್ಮದ ಕ್ಯಾನ್ಸರ್ ಎಷ್ಟು ಸಾಮಾನ್ಯವೋ ನಮ್ಮಲ್ಲಿ ಅದು ಅಷ್ಟೇ ಅಪರೂಪ. ನಮ್ಮವರಿಗೆ ಇದರಿಂದ ಆಗುವ ತೊಂದರೆ ಬೇರೆ: ಮೈಬಣ್ಣ ಒಂದೇ ಕಡೆ ಕಪ್ಪಾಗುವುದು, ಕೆನ್ನೆ ಹಣೆಗಳ ಮೇಲೆ ಬಂಗು ಏಳುವುದು, ಇದ್ದ ಬಂಗು ಔಷಧಕ್ಕೂ ಬಗ್ಗದಿರುವುದು. ಬಸಿರಿನಲ್ಲಿ, ಹೆರಿಗೆಯ ನಂತರ ಬಂಗು ಕಾಣಿಸಿಕೊಂಡ ಹೆಣ್ಣುಮಕ್ಕಳಿಗೆ ಕಿಟಕಿಯ ಬಿಸಿಲು ನಿಜವಾಗಿ ಕೆಟ್ಟದ್ದು. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಗಾಢವಾಗಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಯುವಿಯನ್ನಷ್ಟೇ ತಡೆದರೆ ಅಂಥವರಿಗೆ ಸಾಲದು, ಮುಖಕ್ಕೆ ನೆರಳೇ ಬೇಕು. ಕೆಲವು ಔಷಧಗಳೂ ಚರ್ಮವನ್ನು ಬಿಸಿಲಿಗೆ ಎಳಸಾಗಿಸುತ್ತವೆ, ಡಾಕ್ಸಿಸೈಕ್ಲಿನ್ ಅವುಗಳಲ್ಲೊಂದು. ಅದನ್ನು ನುಂಗುತ್ತಿರುವ ದಿನಗಳಲ್ಲಿ ಕಿಟಕಿಯ ಪಕ್ಕ ಕೂರದಿರುವುದು ಮೇಲು.

ಗಾಜಿಗೆ ಕಪ್ಪು ಹಾಳೆ ಅಂಟಿಸಿಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. 2012ರ ತನಕ ನಮ್ಮ ರಸ್ತೆಗಳಲ್ಲಿ ಅದೇ ನಡೆದಿತ್ತು. ಆ ವರ್ಷ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಅವಿಶೇಕ್ ಗೋಯೆಂಕಾ ಎಂಬವರ ಅರ್ಜಿಯ ಮೇಲೆ, ಕಾರಿನ ಗಾಜಿಗೆ ಮೇಲಿಂದ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ಅಪರಾಧಗಳು ಅದರ ಕಳಕಳಿಯಾಗಿದ್ದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70 ಪ್ರತಿಶತ, ಬಾಗಿಲ ಗಾಜು ಕನಿಷ್ಠ 50 ಪ್ರತಿಶತ ಬೆಳಕನ್ನು ಒಳಬಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ತಿದ್ದುಪಡಿಯಾದ ನಿಯಮವನ್ನು ಆಧರಿಸಿ, ಈ ಮಿತಿಯೊಳಗಿನ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಅದು ಕೇರಳದ ತೀರ್ಪು. ಅದನ್ನೇ ನೆಚ್ಚಿ ಅಂಟಿಸುವ ಮೊದಲು ಕೆಎ–49ರ ಗಾಡಿಯವರು ಗೋಕಾಕದ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಈ ಇಡೀ ಜಗಳ ನಡೆದದ್ದು ಕಣ್ಣಿಗೆ ಕಾಣುವ ಬೆಳಕಿನ ಮೇಲೆ. ನಮ್ಮನ್ನು ಕಾಡುವ ಯುವಿ-ಎ ಆಗಲಿ, ಶಾಖದ ಅರ್ಧ ಹೊರೆ ಹೊತ್ತು ತರುವ ಅವಕೆಂಪಾಗಲಿ ಬೆಳಕಿನ ಆ ಪಟ್ಟಿಯಲ್ಲೇ ಇಲ್ಲ. ಹೆಚ್ಚೂಕಡಿಮೆ ಬಣ್ಣವೇ ಇಲ್ಲದ ಪಾರದರ್ಶಕ ಹಾಳೆ 99 ಪ್ರತಿಶತ ನೇರಳಾತೀತವನ್ನು ತಡೆಯುವಂತೆ ಮಾಡಬಹುದು. ಕಪ್ಪಗಿರುವ ಅಗ್ಗದ ಹಾಳೆ ಬೆಳಕನ್ನು ನುಂಗಿ ಯುವಿಯನ್ನು ಬಿಟ್ಟುಬಿಡಲೂಬಹುದು. ಕಪ್ಪಾಗಿದ್ದರೆ ರಕ್ಷಣೆ ಹೆಚ್ಚು ಎಂಬ ನಂಬಿಕೆ ತಂಪು ಕನ್ನಡಕದ ವಿಷಯದಲ್ಲೂ ಇದೇ ರೀತಿ ಮೋಸ ಮಾಡುತ್ತದೆ. ಯುವಿ ತಡೆಯದ ಕಪ್ಪು ಕನ್ನಡಕದ ಹಿಂದೆ ಕಣ್ಣಿನ ಪಾಪೆ ಅರಳಿ, ಇನ್ನಷ್ಟು ಯುವಿಗೆ ಬಾಗಿಲು ತೆರೆಯುತ್ತದೆ. ಕನ್ನಡಕದ ಮೇಲೆ ‘ಯುವಿ 400’ ಎಂಬ ಗುರುತಿರಲಿ. ಸಂಜೆ ಹುಕ್ಕೇರಿಯ ಕಡೆ, ಅಂದರೆ ಮುಳುಗುವ ಸೂರ್ಯನಿಗೆ ನೇರ ಮುಖ ಮಾಡಿ ಗಾಡಿ ಓಡಿಸುವವರಿಗೆ ಪೋಲರಾಯ್ಡ್ ಕನ್ನಡಕ ಬಹಳ ಉಪಯೋಗ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಆ ಕೋರೈಸುವ ಬೆಳಕಿನಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಒಳಗಿನಿಂದ ಧೂಳು ಹಿಡಿದ ಮುಂದಿನ ಗಾಜು ಆ ಕೋರೈಕೆಯನ್ನು ಇನ್ನೂ ಹೆಚ್ಚಿಸುತ್ತದೆ. ಹೊರಗಿನಿಂದ ಎಲ್ಲರೂ ಒರೆಸುತ್ತಾರೆ, ಒಳಗಿನಿಂದ ಒರೆಸುವವರು ಕಡಿಮೆ.

ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನಿನ ವಿಷಯ ಚುಟುಕಾಗಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿ-ಬಿಯ ಲೆಕ್ಕ. ಗಾಜಿನ ಹಿಂದೆ ಯುವಿ-ಬಿ ಹೇಗೂ ತೀರ ಕಡಿಮೆ. ಕಾರಿನಲ್ಲಿ ಕೂರುವವರು ನೋಡಬೇಕಾದದ್ದು ‘ಪಿಎ’ ಮುಂದಿನ ಕೂಡು ಚಿಹ್ನೆಗಳನ್ನು, ಮೂರು ಅಥವಾ ನಾಲ್ಕಿದ್ದರೆ ಸರಿ. ದುಬಾರಿ ಎನಿಸಿದರೆ ತುಂಬುತೋಳಿನ ಅಂಗಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡುತ್ತದೆ. ತೆಳ್ಳನೆಯ ಬಿಳಿ ಬಟ್ಟೆಗಿಂತ ಒತ್ತಾಗಿ ನೇಯ್ದ, ತುಸು ಗಾಢ ಬಣ್ಣದ ಬಟ್ಟೆ ಯುವಿಯನ್ನು ಹೆಚ್ಚು ತಡೆಯುತ್ತದೆ. ನಮ್ಮ ಕಡೆಯ ಹಿರಿಯರು ಪಟಗಾ ಸುತ್ತಿ, ತುಂಬುತೋಳು ತೊಟ್ಟು ಹೊರಗೆ ಬರುತ್ತಿದ್ದುದನ್ನು ಯಾವ ಚರ್ಮವೈದ್ಯರೂ ತಿದ್ದಲಾರರು.

ಇದೆಲ್ಲ ಓಡುವ ಕಾರಿನ ಮಾತು. ನಿಂತ ಕಾರಿನ ಮಾತು ಇದಕ್ಕಿಂತ ಗಂಭೀರ. ಯುವಿಯಿಂದ ಆಗುವ ಹಾನಿ ವರ್ಷಗಳಲ್ಲಿ ಆಗುತ್ತದೆ, ಶಾಖದ ಹಾನಿ ನಿಮಿಷಗಳಲ್ಲಿ.

ಗಾಜು ಬೆಳಕನ್ನು ಒಳಬಿಡುತ್ತದೆ. ಒಳಬಂದ ಬೆಳಕನ್ನು ಡ್ಯಾಶ್‌ಬೋರ್ಡು, ಸೀಟು, ಸ್ಟೇರಿಂಗ್ ಹೀರಿ ಕಾಯುತ್ತವೆ. ಕಾದ ವಸ್ತು ಹೊರಸೂಸುವುದು ಹೆಚ್ಚು ತರಂಗದೂರದ ಅವಕೆಂಪನ್ನು. ಅದನ್ನು ಗಾಜು ಹೊರಬಿಡದು. ಅದಕ್ಕೂ ಮಿಗಿಲಾಗಿ, ಕಾದ ಗಾಳಿ ಮೇಲೇರಿ ಹೋಗಲು ದಾರಿಯೇ ಇಲ್ಲ. ಚದರ ಮೀಟರಿಗೆ ಸುಮಾರು 1,000 ವಾಟ್ ಸುರಿಯುವ ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ, ಸಾಧಾರಣ ಕಾರಿನ ಗಾಜುಗಳೆಲ್ಲ ಸೇರಿ ಒಳಬಿಡುವ ಶಕ್ತಿ ಒಂದು ಇಸ್ತ್ರಿ ಪೆಟ್ಟಿಗೆ ಎಳೆಯುವ ವಿದ್ಯುತ್ತಿಗೆ ಸಮ.

2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಬಿಸಿಲಲ್ಲೂ ನೆರಳಲ್ಲೂ ಕಾರು ನಿಲ್ಲಿಸಿ ಅಳೆದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಸ್ಟೇರಿಂಗ್ 53, ಡ್ಯಾಶ್‌ಬೋರ್ಡು 69. ನೆರಳಲ್ಲಿದ್ದ ಕಾರಿನ ಗಾಳಿ 38, ಡ್ಯಾಶ್‌ಬೋರ್ಡು 48. ನೆರಳು ಎಷ್ಟು ಬೆಲೆಯುಳ್ಳದ್ದು ಎಂಬುದು ಡ್ಯಾಶ್‌ಬೋರ್ಡಿನ ಆ 21 ಡಿಗ್ರಿ ವ್ಯತ್ಯಾಸದಲ್ಲಿದೆ. ನೆರಳಲ್ಲೂ 38 ಎಂಬುದನ್ನೂ ಮರೆಯುವಂತಿಲ್ಲ. ಅದಕ್ಕೂ ಮೊದಲು, 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಒಂದು ಗಂಟೆಯಲ್ಲಿ ಕಾರಿನ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಸರಾಸರಿ 22 ಡಿಗ್ರಿ ಹೆಚ್ಚಾಗಿತ್ತು. ಏರಿದ್ದರಲ್ಲಿ 80 ಪ್ರತಿಶತ ಮೊದಲ ಅರ್ಧ ಗಂಟೆಯಲ್ಲೇ ಏರಿತ್ತು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ‘ಕಿಟಕಿ ಸ್ವಲ್ಪ ತೆಗೆದಿಟ್ಟು ಬಂದೇನಿ’ ಎಂಬ ಸಮಾಧಾನಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ.

ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಕಾಯುತ್ತದೆ. ಬೆವರಿ ತಣಿಯುವ ಶಕ್ತಿಯೂ ಅವರಿಗೆ ಕಡಿಮೆ, ಬಾಗಿಲು ತೆಗೆಯಲೂ ಬಾರದು. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಹತ್ತಿರದ ದ್ವಾರಪುಡಿಯಲ್ಲಿ, ಆಡುತ್ತ ಆಡುತ್ತ ನಿಂತ ಕಾರು ಹತ್ತಿದ ನಾಲ್ವರು ಮಕ್ಕಳು ಬಾಗಿಲು ತೆರೆಯಲಾಗದೆ ಸತ್ತುಹೋದರು. ಯಾರೂ ಅವರನ್ನು ಕಾರಿನಲ್ಲಿ ಬಿಟ್ಟುಹೋಗಿರಲಿಲ್ಲ. ನಮ್ಮ ಊರುಗಳಲ್ಲೂ ಮನೆಯ ಮುಂದಿನ ಕಟ್ಟೆಯ ಹತ್ತಿರ ಕಾರು ಲಾಕ್ ಮಾಡದೆ ನಿಲ್ಲಿಸುವುದು ರೂಢಿ. ಕದಿಯುವವರಿಲ್ಲ ಎಂಬ ನಂಬಿಕೆ ಸರಿಯೇ ಇರಬಹುದು, ಆದರೆ ಲಾಕ್ ಮಾಡಬೇಕಾದದ್ದು ಮಕ್ಕಳಿಗಾಗಿ. ಕೀಲಿಯೂ ಅವರ ಕೈಗೆ ಸಿಗದ ಮೊಳೆಗೆ ತೂಗಬೇಕು. ಮಗು ಕಾಣುತ್ತಿಲ್ಲ ಎಂದಾಗ ಬಾವಿ, ಕಾಲುವೆ ನೋಡುವ ಹೊತ್ತಿನಲ್ಲೇ ಓಣಿಯಲ್ಲಿ ನಿಂತ ಕಾರುಗಳನ್ನೂ, ಅವುಗಳ ಡಿಕ್ಕಿಯನ್ನೂ ನೋಡಬೇಕು. ಇಂಥ ಸಾವುಗಳು ಉಸಿರುಗಟ್ಟಿ ಆದವು ಎಂದು ಬರೆಯುವುದು ವಾಡಿಕೆ. ಕಾರು ಗಾಳಿಯಾಡದ ಡಬ್ಬಿಯೇನಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಾಳಿ ಮುಗಿಯುವ ಮೊದಲೇ ಶಾಖ ಕೊಲ್ಲಬಲ್ಲದು. ಉಸಿರಿನ ಭಯವಷ್ಟೇ ಮನಸ್ಸಿನಲ್ಲಿದ್ದರೆ ಗಾಜು ಇಳಿಸಿದ ಕಾರಿನಲ್ಲಿ ಮಗು ಕ್ಷೇಮ ಎಂದುಕೊಳ್ಳುತ್ತೇವೆ.

ಗೋಕಾಕ ಜಲಪಾತಕ್ಕೆ ಜನ ಮುಗಿಬೀಳುವುದು ಮಳೆಗಾಲದಲ್ಲಿ. ಘಟಪ್ರಭಾ ನದಿ 52 ಮೀಟರ್ ಧುಮುಕುವುದನ್ನು ನೋಡಲು ಜುಲೈ, ಆಗಸ್ಟಿನಲ್ಲಿ ಕೊಣ್ಣೂರಿನ ರಸ್ತೆ ಕಾರುಗಳಿಂದ ತುಂಬಿಹೋಗುತ್ತದೆ. ಮೋಡ ಇದೆ, ತಂಪಿದೆ ಎಂದು ಆಗ ಬಿಸಿಲಿನ ಯೋಚನೆ ಯಾರಿಗೂ ಬಾರದು. ಆದರೆ ಆಗಸ್ಟ್ ಮೊದಲ ವಾರ ಸೂರ್ಯ ಮತ್ತೆ ನಡುನೆತ್ತಿಗೆ ಬಂದಿರುತ್ತಾನೆ. ತೆಳುಮೋಡದಲ್ಲಿ 80 ಪ್ರತಿಶತದವರೆಗೆ ನೇರಳಾತೀತ ಇಳಿದು ಬರುತ್ತದೆ. ಮೋಡ ಸರಿದ ಅರ್ಧ ಗಂಟೆ ಸಾಕು ನಿಂತ ಕಾರು ಕಾಯಲು. ನಿದ್ದೆ ಹತ್ತಿದ ಕೂಸನ್ನೋ, ನಡೆಯಲಾರದ ಅಜ್ಜಿಯನ್ನೋ ‘ಇಲ್ಲೇ ಇರ್ರಿ, ಲಗೂನ ಬರ್ತೇವಿ’ ಎಂದು ಕಾರಿನಲ್ಲಿ ಬಿಟ್ಟು ತೂಗುಸೇತುವೆಯ ಕಡೆ ಹೋಗುವವರಿಗೆ ಇದನ್ನು ಕೈಹಿಡಿದು ಹೇಳಬೇಕೆನಿಸುತ್ತದೆ. ಒಬ್ಬರು ಜೊತೆಗೆ ಉಳಿಯಲಿ, ಕಾರಿನ ಹೊರಗೆ, ಮರದ ಕೆಳಗೆ.

ಮರದ ಕೆಳಗೆ ಕಾರು ನಿಲ್ಲಿಸುವುದಕ್ಕೂ ಒಂದು ಲೆಕ್ಕವಿದೆ. ಮಧ್ಯಾಹ್ನ ಬುಡದಲ್ಲಿರುವ ನೆರಳು ಹೊತ್ತು ಇಳಿದಂತೆ ಪೂರ್ವಕ್ಕೆ ಸರಿಯುತ್ತದೆ. ಸಂಜೆ ಮರಳುವವರು ಮರದ ಪೂರ್ವಕ್ಕೆ ನಿಲ್ಲಿಸಬೇಕು. ಮರವಿಲ್ಲದಲ್ಲಿ ಮುಂದಿನ ಗಾಜಿಗೆ ಹೊಳೆಯುವ ಅಥವಾ ಬಿಳಿಯ ಮರೆ ಇಡಬೇಕು. ಬಿಳಿ ಮರೆ ಬೆಳಕನ್ನು ಬೆಳಕಾಗಿಯೇ ತಿರುಗಿ ಕಳಿಸುತ್ತದೆ, ಬಂದ ದಾರಿಯಲ್ಲೇ ಗಾಜು ದಾಟಿ ಅದು ಹೊರಗೆ ಹೋಗುತ್ತದೆ. ಕಪ್ಪು ಪರದೆ ಬೆಳಕನ್ನು ಹೀರಿ ಶಾಖ ಮಾಡಿ ಒಳಗೇ ಉಳಿಸಿಕೊಳ್ಳುತ್ತದೆ. ಗಾಜಿನ ಹೊರಗೆ ಹೊದಿಸಿದರೆ ಎರಡಕ್ಕಿಂತಲೂ ಉತ್ತಮ, ಬಿಸಿಲು ಗಾಜನ್ನೇ ಮುಟ್ಟದು.

ಕಾದ ಕಾರು ಹತ್ತುವಾಗ ಮೊದಲು ಎಲ್ಲ ಬಾಗಿಲು ತೆರೆಯಿರಿ. ಒಳಗಿನ ಗಾಳಿಯ ತೂಕ ಸುಮಾರು 3 ಕೆ.ಜಿ. ಮಾತ್ರ. ಒಂದು ಕಡೆಯ ಗಾಜು ಇಳಿಸಿ ಎದುರಿನ ಬಾಗಿಲನ್ನು ನಾಲ್ಕಾರು ಸಲ ಬೀಸಿದರೆ ಅದು ಹೊರಗೆ ಹೋಗುತ್ತದೆ. ಉಳಿಯುವುದು ಸೀಟು, ಡ್ಯಾಶ್‌ಬೋರ್ಡಿನ ಶಾಖ. ಅದನ್ನು ಎಸಿಯೇ ಇಳಿಸಬೇಕು, ಹೊತ್ತು ಹಿಡಿಯುತ್ತದೆ. ಮೊದಲ ಎರಡು ನಿಮಿಷ ಗಾಜು ಇಳಿಸಿಯೇ ಓಡಿಸಿ, ಆಮೇಲೆ ಏರಿಸಿ. ಕೂಸನ್ನು ಕೂರಿಸುವ ಮುಂಚೆ ಸೀಟಿಗೂ ಬೆಲ್ಟಿನ ಲೋಹದ ಕೊಂಡಿಗೂ ಅಂಗೈ ಮುಟ್ಟಿಸಿ ನೋಡಿ.

ಎಸಿ ಇಲ್ಲದ ಗಾಡಿಗಳೇ ನಮ್ಮಲ್ಲಿ ಹೆಚ್ಚು ಎಂಬುದನ್ನು ಬಲ್ಲೆ. ಮದುವೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹನ್ನೆರಡು ಹದಿನೈದು ಜನ ಒತ್ತಿ ಕುಳಿತ ಕ್ರೂಸರಿನಲ್ಲಿ ಗಾಜು ಇಳಿದೇ ಇರುತ್ತದೆ. ಅಂಚಿನ ಮೇಲೆ ಮೊಣಕೈ ಇಟ್ಟ ಚಾಲಕರ ಬಲತೋಳಿಗೆ ಯುವಿ-ಎ, ಯುವಿ-ಬಿ ಎರಡೂ ಹತ್ತುತ್ತವೆ. ಅಂಥ ಚಾಲಕರ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರ ಕೈಗಳಂತೆ ಕಾಣುತ್ತವೆ. ಬೈಕಿನವರು ತೊಡುವ ಬಟ್ಟೆಯ ತೋಳುಚೀಲ ಇವರಿಗೂ ತಕ್ಕದ್ದು. ಹೊರಗಿನ ಗಾಳಿ ಮೈಗಿಂತ ಬಿಸಿಯಾಗಿರುವ ದಿನ, ಕಿಟಕಿಯಿಂದ ಬಡಿಯುವ ಝಳ ಒಣ ಮೈಯನ್ನು ತಣಿಸದು, ಕಾಯಿಸುತ್ತದೆ. ಬೆವರು ಆರುವಾಗ ಮಾತ್ರ ತಂಪು. ಬೆವರಿಗೆ ನೀರು ಬೇಕು. ಆದ್ದರಿಂದ ಉಪ್ಪು ಹಾಕಿದ ಮಜ್ಜಿಗೆ, ನೀರು ಆಗಾಗ ಕುಡಿಯುತ್ತಿರಬೇಕು, ನೀರಡಿಕೆಯಾಗಲಿ ಎಂದು ಕಾಯಬಾರದು. ದಾರಿಯಲ್ಲಿ ಬಯಲಿಗೆ ಹೋಗುವ ಸಂಕೋಚಕ್ಕೆ ನೀರನ್ನೇ ಬಿಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಗಂಟೆಗೊಮ್ಮೆ ಶೌಚಾಲಯವಿರುವ ಕಡೆ ಗಾಡಿ ನಿಲ್ಲಿಸುವುದು ಚಾಲಕರ ಕೆಲಸ ಎಂದು ಮೊದಲೇ ಮಾತಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವ ಹಿರಿಯರ ಮೇಲೆ ವಿಶೇಷ ಗಮನವಿರಲಿ. ಬಿಸಿಲು ಬಡಿಯದಿರಲೆಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದರಿಂದ ತೊಂದರೆಯೇನೂ ಇಲ್ಲ, ಆದರೆ ಕಿಸೆಯಲ್ಲಿದ್ದು ಅದು ಬಿಸಿಲನ್ನು ತಡೆಯದು.

ಬಿಸಿಲು ಬಡಿದಿದೆ ಎಂದು ತಿಳಿಯುವುದು ಹೇಗೆ? ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಬಂದವರು ನೆರಳು, ನೀರು, ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತಾರೆ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಎಲ್ಲಿದ್ದೇವೆ ಎಂಬ ಅರಿವು ತಪ್ಪಿದರೆ, ಫಿಟ್ಸ್ ಬಂದರೆ ಅದು ಶಾಖಾಘಾತ. ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ, ಮಿದುಳು ಮೂತ್ರಪಿಂಡಗಳು ಹಾಳಾಗತೊಡಗಿರುತ್ತವೆ. ಬೆವರು ನಿಂತೇ ಇರಬೇಕೆಂದಿಲ್ಲ, ಬೆವರುತ್ತಿರುವವರಿಗೂ ಆಗುತ್ತದೆ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಸುಮ್ಮನೆ ಕಾಯಬೇಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು, ಟಾವೆಲ್ಲಿನಿಂದ ಜೋರಾಗಿ ಗಾಳಿ ಬೀಸುತ್ತಿರಿ. ಬರ್ಫ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ತೊಡೆಸಂದು, ಕುತ್ತಿಗೆಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಕೊಡಬೇಡಿ. ಜ್ವರದಲ್ಲಿ ಮಿದುಳು ತಾನೇ ಉಷ್ಣತೆಯನ್ನು ಏರಿಸಿರುತ್ತದೆ, ಗುಳಿಗೆ ಅದನ್ನು ಇಳಿಸುತ್ತದೆ. ಇಲ್ಲಿ ಏರಿಸಿದ್ದು ಹೊರಗಿನ ಶಾಖ, ಗುಳಿಗೆಗೆ ಅದು ಬಗ್ಗುವುದಿಲ್ಲ. ಆಸ್ಪತ್ರೆಯ ದಾರಿಯಲ್ಲೂ ಮೈ ಒದ್ದೆಯಾಗಿರಲಿ, ಕಾರಿನ ಎಸಿ ಪೂರ್ತಿ ತಿರುಗಿಸಿ. ಎಸಿ ಇಲ್ಲದ ಗಾಡಿಯಾದರೆ ಗಾಜು ಇಳಿಸಿ, ಒಬ್ಬರು ಪಕ್ಕದಲ್ಲಿ ಕುಳಿತು ನೀರು ಚಿಮುಕಿಸುತ್ತಲೇ ಇರಬೇಕು.